ಮೊದಲು ಫಂಕ್ಷನ್, ಆಮೇಲೆ ಯಂತ್ರ: ಎಂಐಟಿಯ 6.001 ಪಾಠ ನಡೆದುಬಂದ ಹಾದಿ

ಅಮೆರಿಕದ ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ (ಎಂಐಟಿ) ಪಾಠಗಳನ್ನು ಹೆಸರಿಗಿಂತ ಹೆಚ್ಚಾಗಿ ಸಂಖ್ಯೆಯಿಂದಲೇ ಕರೆಯುತ್ತಾರೆ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಜ್ಞಾನ ವಿಭಾಗದ ಸಂಖ್ಯೆ 6. ಅದರ ಮೊಟ್ಟಮೊದಲ ಪಾಠ 6.001. 1980ರಿಂದ 2007ರ ವರೆಗೆ ಆ ವಿಭಾಗ ಸೇರಿದವರೆಲ್ಲ ಇದನ್ನು ಓದಿಯೇ ಮುಂದಕ್ಕೆ ಹೋಗಬೇಕಿತ್ತು. 'ಸ್ಟ್ರಕ್ಚರ್ ಅಂಡ್ ಇಂಟರ್‌ಪ್ರಿಟೇಶನ್ ಆಫ್ ಕಂಪ್ಯೂಟರ್ ಪ್ರೋಗ್ರಾಮ್ಸ್' ಎಂಬುದು ಅದರ ಪೂರ್ತಿ ಹೆಸರು. ಅದೇ ಹೆಸರಿನ ಪಠ್ಯಪುಸ್ತಕ ಅಚ್ಚಾಗಿ 2025ಕ್ಕೆ 40 ವರ್ಷ ತುಂಬಿತು. ಪಾಠ ನಿಂತು ಬಹಳ ವರ್ಷಗಳಾದರೂ ಪುಸ್ತಕವನ್ನು ಜನ ಓದುತ್ತಲೇ ಇದ್ದಾರೆ. ಈ ಹೊತ್ತಿನಲ್ಲಿ ಆ ಪಾಠ ಹುಟ್ಟಿದ ಬಗೆ, ಬೆಳೆದ ಬಗೆ, ಕೊನೆಗೆ ಜಾಗ ಬಿಟ್ಟುಕೊಟ್ಟ ಬಗೆಯನ್ನು ಒಮ್ಮೆ ನೆನೆಯುವುದು ನ್ಯಾಯ. ಬೆಲೆಗಳನ್ನು ಬದಲಿಸದೆ ಫಂಕ್ಷನ್‌ಗಳಿಂದಲೇ ಪ್ರೋಗ್ರಾಂ ಕಟ್ಟುವ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ವಿಚಾರ ಸಂಶೋಧಕರ ಕೊಠಡಿಯಿಂದ ಹೊರಬಂದು, ಪ್ರೋಗ್ರಾಮಿಂಗ್‌ನ ಕ್ರಮಬದ್ಧ ಶಿಕ್ಷಣವಿಲ್ಲದ ಹದಿನೆಂಟರ ಹುಡುಗ ಹುಡುಗಿಯರ ಮೊದಲ ಪಾಠವಾದದ್ದು ಮುಖ್ಯವಾಗಿ ಇಲ್ಲಿ.

ಬೇರುಗಳು: 1958–1975

1930ರ ದಶಕದಲ್ಲಿ ಪ್ರಿನ್ಸ್‌ಟನ್ನಿನ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಲ್ಯಾಂಬ್ಡಾ ಕ್ಯಾಲ್ಕ್ಯುಲಸ್ ಎಂಬ ಗಣಿತ ಪದ್ಧತಿಯನ್ನು ಕಟ್ಟಿದ್ದರು. ಆಗಿನ್ನೂ ಇಂದಿನ ಅರ್ಥದ ಕಂಪ್ಯೂಟರ್ ಇರಲಿಲ್ಲ. ಎಲ್ಲ ಲೆಕ್ಕಾಚಾರವನ್ನೂ ಫಂಕ್ಷನ್ ಕಟ್ಟುವುದು, ಅದಕ್ಕೊಂದು ಬೆಲೆ ಉಣಿಸುವುದು ಎಂಬ ಎರಡೇ ಕ್ರಿಯೆಗಳಿಗೆ ಇಳಿಸಬಹುದೆಂದು ಆ ಪದ್ಧತಿ ತೋರಿಸಿಕೊಟ್ಟಿತು. 1958ರಲ್ಲಿ ಎಂಐಟಿಯಲ್ಲಿದ್ದ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಕೆಲಸ ಆರಂಭಿಸಿದಾಗ ಚರ್ಚ್ ಅವರ ಬರವಣಿಗೆಯ ರೀತಿಯನ್ನು ಎರವಲು ತಂದರು. 1960ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ, ಲಿಸ್ಪ್ ಪ್ರೋಗ್ರಾಂಗಳನ್ನು ಓದಿ ಅರ್ಥ ಮಾಡುವ ಒಂದು ಪ್ರೋಗ್ರಾಂ (ಇಂಟರ್‌ಪ್ರಿಟರ್) ಲಿಸ್ಪ್‌ನಲ್ಲೇ ಇತ್ತು. ಮೆಕಾರ್ಥಿ ಅದನ್ನು ಸಿದ್ಧಾಂತದ ಮಾತಾಗಿ ಬರೆದಿದ್ದರು. ಅವರ ತಂಡದ ಸ್ಟೀವ್ ರಸೆಲ್ ಅದನ್ನು ಐಬಿಎಂ 704 ಯಂತ್ರದ ಮೇಲೆ ನಿಜವಾಗಿಯೇ ಓಡುವಂತೆ ಮಾಡಿದರು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. 20 ವರ್ಷಗಳ ನಂತರ 6.001 ತರಗತಿಯ ಶಿಖರವಾದದ್ದು ಇದೇ ಕಸರತ್ತು.

ಮೆಕಾರ್ಥಿ 1962ರಲ್ಲಿ ಸ್ಟ್ಯಾನ್‌ಫರ್ಡಿಗೆ ಹೋದರು. ಲಿಸ್ಪ್ ಎಂಐಟಿಯಲ್ಲೇ ಉಳಿಯಿತು. 1963ರಲ್ಲಿ ಪ್ರಾಜೆಕ್ಟ್ ಮ್ಯಾಕ್ ಎಂಬ ದೊಡ್ಡ ಸಂಶೋಧನಾ ಯೋಜನೆ ರಾಬರ್ಟ್ ಫಾನೊ ಅವರ ನೇತೃತ್ವದಲ್ಲಿ ಶುರುವಾಯಿತು. ಫಾನೊ ಇಟಲಿಯ ತುರಿನ್ ನಗರದಲ್ಲಿ ಹುಟ್ಟಿ 1939ರಲ್ಲಿ ಅಮೆರಿಕಕ್ಕೆ ಬಂದವರು. ಮಾಹಿತಿ ಸಿದ್ಧಾಂತದಲ್ಲಿ ಶ್ಯಾನನ್ ಹೆಸರಿನ ಜೊತೆ ಬರುವ ಫಾನೊ ಇವರೇ. ಕಟ್ಟಡದಿಂದ ಕಟ್ಟಡಕ್ಕೆ ತಂತಿ ಎಳೆದು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಬೆಳೆಸಿದ ಈ ಹಿರಿಯರ ಹೆಸರು ನಮ್ಮ ಕಥೆಯಲ್ಲಿ ಮತ್ತೆ ಬರುತ್ತದೆ.

6.001ರ ನೇರ ಹಿರಿಯಕ್ಕ ಎನ್ನಬಹುದಾದ ಪಾಠವೊಂದು 1960ರ ದಶಕದ ಕೊನೆಯಲ್ಲಿ ನಡೆಯುತ್ತಿತ್ತು. ಅದರ ಸಂಖ್ಯೆ 6.231. ಜಾಕ್ ವೊಜನ್‌ಕ್ರಾಫ್ಟ್ ಮತ್ತು ಆರ್ಥರ್ ಇವಾನ್ಸ್ ಅದನ್ನು ಕಲಿಸುತ್ತಿದ್ದರು. ಇಂಗ್ಲೆಂಡಿನ ಪೀಟರ್ ಲ್ಯಾಂಡಿನ್ 1966ರಲ್ಲಿ ಕಾಗದದ ಮೇಲೆ ಚಿತ್ರಿಸಿದ್ದ ಇಸ್ವಿಮ್ ಎಂಬ ಭಾಷೆಯನ್ನು ಆಧರಿಸಿ, ಪ್ಯಾಲ್ ಎಂಬ ಪುಟ್ಟ ಭಾಷೆಯನ್ನು ಪಾಠ ಹೇಳುವುದಕ್ಕಾಗಿಯೇ ಅಲ್ಲಿ ಸಿದ್ಧಪಡಿಸಿದ್ದರು. ಭಾಷೆಗಳ ಒಳಗಿನ ರಚನೆಯನ್ನು ಲ್ಯಾಂಬ್ಡಾ ಕ್ಯಾಲ್ಕ್ಯುಲಸ್ ಮೂಲಕ ಬಿಡಿಸಿ ತೋರಿಸುವುದು ಆ ಪಾಠದ ಉದ್ದೇಶವಾಗಿತ್ತು. 6.001ರ ರೂವಾರಿಗಳು ತಮ್ಮ ಪಾಠ ಈ ಪಾಠದ ಸಂತಾನವೆಂದು ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಹೀಗೆ ಋಣವನ್ನು ಹೆಸರಿಟ್ಟು ಒಪ್ಪಿಕೊಳ್ಳುವ ಗುಣ ಆ ಪುಸ್ತಕದ ಉದ್ದಕ್ಕೂ ಕಾಣುತ್ತದೆ.

1975ರಲ್ಲಿ ಎರಡು ಸಂಗತಿಗಳು ನಡೆದವು. ವಿಭಾಗದ ಹೆಸರಿಗೆ 'ಕಂಪ್ಯೂಟರ್ ವಿಜ್ಞಾನ' ಎಂಬುದು ಅಧಿಕೃತವಾಗಿ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಿಂದ ಜೆರಾಲ್ಡ್ ಜೇ ಸಸ್‌ಮನ್ ಮತ್ತು ಗೈ ಸ್ಟೀಲ್ ಒಂದು ಜ್ಞಾಪನಪತ್ರ ಹೊರಡಿಸಿದರು. ಸ್ಕೀಮ್ ಭಾಷೆಯ ಜನನಪತ್ರ ಅದೇ. ಪರಸ್ಪರ ಸಂದೇಶ ಕಳಿಸುವ ಘಟಕಗಳಿಂದ ಲೆಕ್ಕಾಚಾರವನ್ನು ವಿವರಿಸುವ, ಕಾರ್ಲ್ ಹ್ಯೂಯಿಟ್ ಅವರ 'ಆಕ್ಟರ್' ಸಿದ್ಧಾಂತವನ್ನು ಅರ್ಥ ಮಾಡಿಕೊಳ್ಳಲು ಇಬ್ಬರೂ ಸೇರಿ ಲಿಸ್ಪ್‌ನಲ್ಲಿ ಒಂದು ಆಟದ ಮಾದರಿ ಬರೆದರು. ಬರೆದ ಮೇಲೆ ನೋಡಿದರೆ ಆಕ್ಟರನ್ನು ನಡೆಸುವ ಸಾಲುಗಳೂ ಫಂಕ್ಷನ್ನನ್ನು ನಡೆಸುವ ಸಾಲುಗಳೂ ಒಂದೇ ಆಗಿದ್ದವು. ಬೇಡದ್ದನ್ನು ಕಿತ್ತುಹಾಕಿದಾಗ ಉಳಿದದ್ದು ಬಹಳ ಚಿಕ್ಕ, ಬಹಳ ಶುದ್ಧವಾದ ಒಂದು ಲಿಸ್ಪ್. ವಿದ್ಯಾರ್ಥಿಗೆ ಕೆಲವೇ ದಿನಗಳಲ್ಲಿ ಕೈಗೆ ಹತ್ತುವಷ್ಟು ಚಿಕ್ಕದು.

ಸ್ಥಾಪನೆ: 1978–1980

1968ರಲ್ಲೇ ಜರ್ಮನಿಯ ಗಾರ್ಮಿಶ್‌ನಲ್ಲಿ ಸೇರಿದ್ದ ತಜ್ಞರು ಸಾಫ್ಟ್‌ವೇರ್ ಬಿಕ್ಕಟ್ಟಿನ ಬಗ್ಗೆ ಎಚ್ಚರಿಸಿದ್ದರು. ಯಂತ್ರಗಳು ದೊಡ್ಡವಾಗುತ್ತಿದ್ದವು. ಅವುಗಳ ಮೇಲೆ ಬರೆಯುವ ಪ್ರೋಗ್ರಾಂಗಳು ಬರೆದವರ ಹಿಡಿತಕ್ಕೇ ಸಿಗುತ್ತಿರಲಿಲ್ಲ. 1977ರಲ್ಲಿ ಆಪಲ್ 2 ಮಾರುಕಟ್ಟೆಗೆ ಬಂತು, ಮುಂದೆ 1981ರಲ್ಲಿ ಐಬಿಎಂ ಪಿಸಿ ಬರಲಿತ್ತು. ಪ್ರೋಗ್ರಾಂ ಬರೆಯುವ ಕೆಲಸ ಕೆಲವರ ವಿಶೇಷ ವಿದ್ಯೆಯಾಗಿ ಉಳಿಯದು ಎಂಬುದು ಎಲ್ಲರಿಗೂ ಕಾಣುತ್ತಿತ್ತು. 1977ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ಫೋರ್ಟ್ರಾನ್ ಭಾಷೆಯನ್ನು ಕಟ್ಟಿದ ಜಾನ್ ಬ್ಯಾಕಸ್ ಅವರೇ, ತಾವು ಹಾಕಿಕೊಟ್ಟ ಜಾಡಿನಿಂದ ಹೊರಬರಬೇಕೆಂದೂ ಫಂಕ್ಷನ್‌ಗಳ ದಾರಿ ಹಿಡಿಯಬೇಕೆಂದೂ ಕೇಳಿಕೊಂಡರು.

ಇಂಥ ಹೊತ್ತಿನಲ್ಲಿ ಫಾನೊ ವಿಭಾಗದ ಆರಂಭದ ಪಾಠಗಳನ್ನು ಮತ್ತೆ ಜೋಡಿಸುವ ಕೆಲಸಕ್ಕೆ ಕೈಹಾಕಿದರು. ಎಂಜಿನಿಯರಿಂಗ್ ಎಂದರೆ ವಿನ್ಯಾಸ, ಆ ವಿನ್ಯಾಸದ ತತ್ತ್ವಗಳನ್ನು ಮೊದಲ ವರ್ಷದಿಂದಲೇ ಕಲಿಸಬೇಕು ಎಂಬುದು ಅವರ ನಿಲುವು. ನಾಲ್ಕು ಪಾಠಗಳ ಒಂದು ತಳಪಾಯ ಸಿದ್ಧವಾಯಿತು. ಎರಡು ಪಾಠಗಳು ಸರ್ಕ್ಯೂಟ್ ಮತ್ತು ಲೀನಿಯರ್ ಸಿಸ್ಟಂಗಳ ಬಗ್ಗೆ, ಒಂದು ಡಿಜಿಟಲ್ ವ್ಯವಸ್ಥೆಗಳ ಬಗ್ಗೆ, ಉಳಿದ ಒಂದು ಪ್ರೋಗ್ರಾಂಗಳ ಬಗ್ಗೆ. ಎಲೆಕ್ಟ್ರಿಕಲ್ ಓದುವವರಿಗೂ ಕಂಪ್ಯೂಟರ್ ಓದುವವರಿಗೂ ನಾಲ್ಕೂ ಕಡ್ಡಾಯ. ಮೋಟಾರು, ಆಂಟೆನಾ ಎಂದು ಬಂದವರೂ ಲ್ಯಾಂಬ್ಡಾ ಕಲಿಯಬೇಕಾಗಿ ಬಂದದ್ದು ಹೀಗೆ. ಪ್ರೋಗ್ರಾಂ ಪಾಠದ ಮೊದಲ ಟಿಪ್ಪಣಿಗಳನ್ನು ಬರೆದವರೂ ಫಾನೊ ಅವರೇ. ಪುಸ್ತಕದ ಮುಖಪುಟದಲ್ಲಿ ಅವರ ಹೆಸರಿಲ್ಲ. ಅದಕ್ಕೇ ಇಲ್ಲಿ ಅದನ್ನು ಒತ್ತಿ ಹೇಳಬೇಕಾಗಿದೆ.

1978ರಿಂದ ಈ ಕೆಲಸವನ್ನು ಹೆಗಲಿಗೆ ಹಾಕಿಕೊಂಡವರು ಹೆರಾಲ್ಡ್ ಏಬಲ್‌ಸನ್ ಮತ್ತು ಸಸ್‌ಮನ್. ಇಬ್ಬರೂ 1973ರಲ್ಲಿ ಎಂಐಟಿಯಿಂದಲೇ ಗಣಿತದಲ್ಲಿ ಪಿಎಚ್‌ಡಿ ಪಡೆದವರು. ಏಬಲ್‌ಸನ್ ಅವರಿಗೆ ಮಕ್ಕಳ ಕಲಿಕೆಯ ಅನುಭವವಿತ್ತು. ಸೀಮೋರ್ ಪ್ಯಾಪರ್ಟ್ ಅವರ, ಮಕ್ಕಳಿಗಾಗಿ ರೂಪಿಸಿದ ಲೋಗೊ ಭಾಷೆಯ ಯೋಜನೆಯಲ್ಲಿ ದುಡಿದಿದ್ದ ಅವರು, ಪರದೆಯ ಮೇಲಿನ ಆಮೆಯ ಹೆಜ್ಜೆಯಿಂದ ಜ್ಯಾಮಿತಿ ಕಲಿಸುವ ಪುಸ್ತಕವನ್ನು ಆಂಡ್ರಿಯಾ ಡಿಸೆಸ್ಸಾ ಜೊತೆ ಬರೆದರು. ಸಸ್‌ಮನ್ ಕೃತಕ ಬುದ್ಧಿಮತ್ತೆ ಮತ್ತು ಸರ್ಕ್ಯೂಟ್ ವಿಶ್ಲೇಷಣೆಯಲ್ಲಿ ಪಳಗಿದವರು. ಒಬ್ಬರಿಂದ ಪಾಠಕ್ಕೆ ಮಗುವಿನ ಕುತೂಹಲ ಬಂತು, ಇನ್ನೊಬ್ಬರಿಂದ ಎಂಜಿನಿಯರನ ಜಾಣ್ಮೆ. ಪುಸ್ತಕದ ಗದ್ಯದಲ್ಲಿ ಜೂಲಿ ಸಸ್‌ಮನ್ ಅವರ ಪಾಲಿದೆ. ಅವರ ಹೆಸರೂ ಮುಖಪುಟದಲ್ಲಿದೆ.

1980ರ ಸೆಪ್ಟೆಂಬರಿನಲ್ಲಿ ಆರಂಭವಾದ ಸೆಮಿಸ್ಟರಿನಿಂದ ಪಾಠ ಸ್ಥಿರ ರೂಪಕ್ಕೆ ಬಂತು. ವರ್ಷಕ್ಕೆ 600ರಿಂದ 700 ವಿದ್ಯಾರ್ಥಿಗಳು ಅದನ್ನು ಓದುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಪ್ರೋಗ್ರಾಮಿಂಗ್‌ನ ಕ್ರಮಬದ್ಧ ಶಿಕ್ಷಣ ಅದೇ ಮೊದಲು. ಲಿಸ್ಪ್‌ನಂಥ ಭಾಷೆಯಲ್ಲಿ ಯಾಕೆ ಕಲಿಸಬೇಕು, ಕೈಗಾರಿಕೆಯಲ್ಲಿ ಬಳಕೆಯಲ್ಲಿರುವ ಭಾಷೆ ಸಾಲದೇ ಎಂಬ ಪ್ರಶ್ನೆ ಪಾಠ ಇರುವವರೆಗೂ ಸುತ್ತಮುತ್ತ ಕೇಳಿಬರುತ್ತಲೇ ಇತ್ತು. ಅದಕ್ಕೆ ಅಧ್ಯಾಪಕರು ಕೊಟ್ಟ ಉತ್ತರ ಸರಳ. ಸ್ಕೀಮ್ ಭಾಷೆಯನ್ನು ನಾವು ಪ್ರತ್ಯೇಕವಾಗಿ ಕಲಿಸುವುದೇ ಇಲ್ಲ, ಬಳಸುತ್ತೇವೆ ಅಷ್ಟೇ. ಮಕ್ಕಳು ಕೆಲವು ದಿನಗಳಲ್ಲಿ ತಾವಾಗಿ ಹಿಡಿದುಕೊಳ್ಳುತ್ತಾರೆ. ಉಳಿದ ಸಮಯವೆಲ್ಲ ವಿಚಾರಕ್ಕೆ ಸಿಗುತ್ತದೆ.

ತರಗತಿಯ ಒಳಗೆ

ದೊಡ್ಡ ಸಭಾಂಗಣದಲ್ಲಿ ಉಪನ್ಯಾಸ, ಚಿಕ್ಕ ಗುಂಪಿನಲ್ಲಿ ರೆಸಿಟೇಶನ್, ಇನ್ನೂ ಚಿಕ್ಕ ಗುಂಪಿನಲ್ಲಿ ಟ್ಯುಟೋರಿಯಲ್, ಇವುಗಳ ಮೇಲೆ ಪ್ರಯೋಗಾಲಯದ ರಾತ್ರಿಗಳು. ಹೊರಗಿನಿಂದ ನೋಡಿದರೆ ಎಂಐಟಿಯ ಬೇರೆ ಪಾಠಗಳಂತೆಯೇ. ವ್ಯತ್ಯಾಸವಿದ್ದದ್ದು ವಿಷಯದ ಅನುಕ್ರಮದಲ್ಲಿ, ಮತ್ತು ಆ ಅನುಕ್ರಮವೇ ಈ ಪಾಠದ ಅಸಲಿ ಸಾಧನೆ ಎಂದು ನಾನು ನಂಬಿದ್ದೇನೆ.

ಆ ಕಾಲದ ಬೇರೆ ಹೆಚ್ಚಿನ ಪ್ರೋಗ್ರಾಮಿಂಗ್ ಪುಸ್ತಕಗಳನ್ನು ತೆರೆದರೆ ಮೊದಲ ಪುಟಗಳಲ್ಲೇ ವೇರಿಯಬಲ್‌ಗೆ ಬೆಲೆ ಹಾಕುವುದು, ಅದನ್ನು ಬದಲಿಸುವುದು, ಲೂಪಿನಲ್ಲಿ ಮತ್ತೆ ಮತ್ತೆ ಬದಲಿಸುವುದು ಬರುತ್ತಿತ್ತು. 6.001ರಲ್ಲಿ ಮೊದಲ ಎರಡು ಅಧ್ಯಾಯಗಳು ಮುಗಿಯುವವರೆಗೆ ಯಾವ ಬೆಲೆಯೂ ಬದಲಾಗುವುದಿಲ್ಲ. ಇರುವುದು ಫಂಕ್ಷನ್‌ಗಳು ಮಾತ್ರ. ನ್ಯೂಟನ್ ವಿಧಾನದಿಂದ ವರ್ಗಮೂಲ ಕಂಡುಹಿಡಿಯುವುದು ಮೊದಮೊದಲ ಉದಾಹರಣೆಗಳಲ್ಲೊಂದು. ಒಂದು ಊಹೆ ಮಾಡು, ಅದು ಸಾಕಷ್ಟು ಹತ್ತಿರವಿದೆಯೇ ನೋಡು, ಇಲ್ಲವಾದರೆ ಊಹೆಯನ್ನು ಸುಧಾರಿಸು. ಆಮೇಲೆ ಅದೇ ಉದಾಹರಣೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಹೆಚ್ಚು ಸಾಮಾನ್ಯ ರೂಪದಲ್ಲಿ. ಕೊನೆಗೆ 'ಊಹೆ ಸುಧಾರಿಸುವುದು' ಎಂಬುದೇ ಒಂದು ಫಂಕ್ಷನ್ ಆಗಿ, ಬೇರೆ ಫಂಕ್ಷನ್‌ಗಳನ್ನು ತೆಗೆದುಕೊಂಡು ಹೊಸ ಫಂಕ್ಷನ್ ಕೊಡುವ ವಸ್ತುವಾಗಿ ನಿಲ್ಲುತ್ತದೆ. ಇನ್ನೊಂದು ಕಡೆ ಒಂದು ಡಾಲರಿಗೆ ಚಿಲ್ಲರೆ ಎಷ್ಟು ಬಗೆಯಲ್ಲಿ ಕೊಡಬಹುದು ಎಂಬ ಲೆಕ್ಕವಿದೆ. ಅರ್ಧ ಡಾಲರಿನಿಂದ ಒಂದು ಸೆಂಟಿನವರೆಗಿನ 5 ನಾಣ್ಯಗಳಿದ್ದರೆ ಉತ್ತರ 292. ಈ ದೊಡ್ಡ ನಾಣ್ಯ ಬಳಸುವ ಬಗೆಗಳು ಎಷ್ಟು, ಬಳಸದ ಬಗೆಗಳು ಎಷ್ಟು ಎಂದು ಎರಡಾಗಿ ಸೀಳಿದರೆ ಪ್ರೋಗ್ರಾಂ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮೂರಿನ ಹತ್ತು, ಐದು, ಎರಡು, ಒಂದು ರೂಪಾಯಿಯ ನಾಣ್ಯಗಳನ್ನಿಟ್ಟುಕೊಂಡು ಯಾವ ಪಿಯು ತರಗತಿಯಲ್ಲಾದರೂ ಇದನ್ನು ಮಾಡಿಸಬಹುದು.

ಮೂರನೆಯ ಅಧ್ಯಾಯದಲ್ಲಿ ಬ್ಯಾಂಕ್ ಖಾತೆ ಬರುತ್ತದೆ. ಖಾತೆಯಲ್ಲಿ 100 ಡಾಲರ್ ಇದೆ. 25 ತೆಗೆದರೆ ಉಳಿದದ್ದು 75. ಅದೇ ಮಾತನ್ನು ಅದೇ ರೀತಿ ಮತ್ತೊಮ್ಮೆ ಹೇಳಿದರೆ ಉತ್ತರ 50. ಒಂದೇ ಪ್ರಶ್ನೆಗೆ ಎರಡು ಉತ್ತರ! ಅಲ್ಲಿಯವರೆಗೆ ಫಂಕ್ಷನ್ ಎಂದರೆ ಗಣಿತದ ಫಂಕ್ಷನ್ ಎಂದು ನಂಬಿ ಬಂದಿದ್ದ ವಿದ್ಯಾರ್ಥಿಗೆ ಇಲ್ಲಿ ಮೊದಲ ಬಾರಿಗೆ ಕಾಲದ ಪ್ರವೇಶವಾಗುತ್ತದೆ. ಹೆಸರಿನ ಜಾಗದಲ್ಲಿ ಬೆಲೆ ಇಟ್ಟು ಓದುವ ಹಳೆಯ ವಿಧಾನ ಇನ್ನು ನಡೆಯುವುದಿಲ್ಲ. ಎರಡು ವಸ್ತುಗಳು 'ಒಂದೇ' ಎಂದರೆ ಏನು ಎಂಬ ಪ್ರಶ್ನೆಯೂ ಕಷ್ಟವಾಗುತ್ತದೆ. ಇಬ್ಬರು ಒಂದೇ ಖಾತೆಯಿಂದ ಏಕಕಾಲಕ್ಕೆ ಹಣ ತೆಗೆದರೆ ಲೆಕ್ಕ ತಪ್ಪುತ್ತದೆ. ಬೆಲೆ ಬದಲಿಸುವ ಸೌಲಭ್ಯ ಬೇಡವೆಂದು ಪಾಠ ಹೇಳಲಿಲ್ಲ, ಅದಕ್ಕೆ ತೆರಬೇಕಾದ ಬೆಲೆಯನ್ನು ಮೊದಲೇ ತಿಳಿಸಿತು. ಆ ಅಧ್ಯಾಯದ ಕೊನೆಯಲ್ಲಿ ಸ್ಟ್ರೀಮ್ ಎಂಬ ಇನ್ನೊಂದು ದಾರಿಯನ್ನೂ ತೋರಿಸಿತು: ಬೇಕಾದಾಗ ಮಾತ್ರ ಮುಂದಿನ ಅಂಶವನ್ನು ಲೆಕ್ಕ ಹಾಕುವ, ಕೊನೆಯೇ ಇಲ್ಲದ ಪಟ್ಟಿಗಳು. ಎಲ್ಲ ಅವಿಭಾಜ್ಯ ಸಂಖ್ಯೆಗಳ ಪಟ್ಟಿಯನ್ನು ಹೆಸರಿಟ್ಟು ಹಿಡಿದುಕೊಳ್ಳಬಹುದು ಎಂದು ತಿಳಿದಾಗ ಆಗುವ ಸಂತೋಷವನ್ನು ಇದನ್ನು ಓದಿದವರೆಲ್ಲ ಬಲ್ಲರು.

ಹಾಗಾದರೆ 6.001 ಅಪ್ಪಟ ಫಂಕ್ಷನಲ್ ಪ್ರೋಗ್ರಾಮಿಂಗ್ ಪಾಠವೇ? ಕಟ್ಟುನಿಟ್ಟಾಗಿ ನೋಡಿದರೆ ಅಲ್ಲ. ಅದರಲ್ಲಿ ಬದಲಾಗುವ ಸ್ಥಿತಿಯಿದೆ, ತರ್ಕಾಧಾರಿತ ಪ್ರೋಗ್ರಾಮಿಂಗ್ ಇದೆ, ಕೊನೆಯಲ್ಲಿ ರಿಜಿಸ್ಟರ್ ಯಂತ್ರಗಳಿವೆ. ಆದರೆ ಫಂಕ್ಷನ್ನಿನ ಲೋಕವನ್ನು ತವರಾಗಿಯೂ ಮಿಕ್ಕಿದ್ದನ್ನು ಅಲ್ಲಿಂದ ಹೊರಟ ಪ್ರಯಾಣವಾಗಿಯೂ ಕಾಣಿಸಿದ ಮೊದಲ ದೊಡ್ಡ ಪಾಠ ಇದು. ಡೇವಿಡ್ ಟರ್ನರ್, ಪೀಟರ್ ಹೆಂಡರ್‌ಸನ್, ಡ್ಯಾನ್ ಫ್ರೀಡ್‌ಮನ್, ಡೇವಿಡ್ ವೈಸ್ ಮುಂತಾದ ಫಂಕ್ಷನಲ್ ಪರಂಪರೆಯವರಿಂದ ಕಲಿತದ್ದನ್ನು ಲೇಖಕರು ಹೆಸರಿಸಿ ನೆನೆದಿದ್ದಾರೆ.

ನಾಲ್ಕನೆಯ ಅಧ್ಯಾಯದಲ್ಲಿ ವಿದ್ಯಾರ್ಥಿ ಸ್ಕೀಮ್ ಭಾಷೆಯ ಇಂಟರ್‌ಪ್ರಿಟರನ್ನು ಸ್ಕೀಮ್‌ನಲ್ಲೇ ಬರೆಯುತ್ತಾನೆ. ಎರಡು ಫಂಕ್ಷನ್‌ಗಳು, ಈವ್ಯಾಲ್ ಮತ್ತು ಅಪ್ಲೈ, ಒಂದನ್ನೊಂದು ಕರೆಯುತ್ತ ಇಡೀ ಭಾಷೆಯನ್ನು ಹೊತ್ತು ನಿಲ್ಲುತ್ತವೆ. ಭಾಷೆ ಎಂಬುದು ಯಾರೋ ದೊಡ್ಡವರು ಕೊಟ್ಟ ಉಪಕರಣವಲ್ಲ, ಬೇಕೆಂದರೆ ನಾನೇ ತಿದ್ದಬಹುದು, ಹೊಸದೊಂದನ್ನು ಕಟ್ಟಬಹುದು ಎಂಬ ಧೈರ್ಯ ಅಲ್ಲಿ ಬರುತ್ತದೆ. ಮೊದಲ ಸೆಮಿಸ್ಟರಿನಲ್ಲೇ ಇಂಥ ಧೈರ್ಯ ಕೊಟ್ಟ ಪಾಠಗಳು ಬಹಳ ಇಲ್ಲ.

ಪುಸ್ತಕದ ಅಭ್ಯಾಸಗಳಲ್ಲಿ ಬರುವ ಬೆನ್ ಬಿಟ್‌ಡಿಡಲ್, ಅಲಿಸಾ ಹ್ಯಾಕರ್, ಯಾವಾಗಲೂ ತಪ್ಪು ದಾರಿ ಹಿಡಿಯುವ ಲೂಯಿಸ್ ರೀಸನರ್ ಎಂಬ ಕಾಲ್ಪನಿಕ ಪಾತ್ರಗಳೂ ತಲೆಮಾರುಗಳ ನೆನಪಿನಲ್ಲಿ ಉಳಿದಿವೆ. ಎಂಐಟಿ ಆವರಣದಲ್ಲೇ ನಡೆಯುವ ಸಾಹಸದ ಆಟವೊಂದನ್ನು ವಿಸ್ತರಿಸುವುದು ಬಹುಕಾಲ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಕೆಲಸವಾಗಿತ್ತು.

ಪುಸ್ತಕ ಮತ್ತು ಪ್ರಸಾರ: 1985–1996

1985ರಲ್ಲಿ ಎಂಐಟಿ ಪ್ರೆಸ್ ಮತ್ತು ಮೆಕ್‌ಗ್ರಾ ಹಿಲ್ ಸಂಸ್ಥೆಗಳು ಪುಸ್ತಕವನ್ನು ಜೊತೆಯಾಗಿ ಹೊರತಂದವು. ಟ್ಯೂರಿಂಗ್ ಪ್ರಶಸ್ತಿಯ ಮೊದಲ ಪುರಸ್ಕೃತ ಆಲನ್ ಪರ್ಲಿಸ್ ಮುನ್ನುಡಿ ಬರೆದರು. ಪ್ರೋಗ್ರಾಂ ಇರುವುದು ಮೊದಲು ಮನುಷ್ಯರು ಓದಲಿಕ್ಕೆ, ಯಂತ್ರ ಅದನ್ನು ನಡೆಸುವುದು ಆಮೇಲಿನ ಮಾತು ಎಂಬ ಲೇಖಕರ ನಿಲುವು ಪುಸ್ತಕದ ಪೀಠಿಕೆಯಲ್ಲೇ ಇದೆ. ಇಂದು ಎಲ್ಲರ ಬಾಯಲ್ಲಿರುವ ಈ ವಿಚಾರ ಒಂದು ಪ್ರವೇಶ ಪಠ್ಯದ ಮೊದಲ ಪುಟಗಳಲ್ಲಿ ಇಷ್ಟು ನೇರವಾಗಿ ಬಂದದ್ದು ಆಗ ದೊಡ್ಡ ಸಂಗತಿ. ಮಾಂತ್ರಿಕನ ಚಿತ್ರವಿರುವ ಮುಖಪುಟದಿಂದಾಗಿ ಅದಕ್ಕೆ ಮಾಂತ್ರಿಕನ ಪುಸ್ತಕ ಎಂಬ ಅಡ್ಡಹೆಸರು ಬಂತು.

ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಈ ಪಾಠಕ್ಕೆ ಹಲವು ವರ್ಷ ಒತ್ತಾಸೆಯಾಗಿ ನಿಂತಿತು. 1986ರಲ್ಲಿ ಏಬಲ್‌ಸನ್ ಮತ್ತು ಸಸ್‌ಮನ್ ಆ ಕಂಪನಿಯ ನೌಕರರಿಗೆ ಇಡೀ ಪಾಠವನ್ನು ಹೇಳಿದರು; ಅದರ ವಿಡಿಯೊ ದಾಖಲೆಯಾಯಿತು. ಮೊದಲ ಉಪನ್ಯಾಸದಲ್ಲಿ ಏಬಲ್‌ಸನ್ ಕಪ್ಪುಹಲಗೆಯ ಮುಂದೆ ನಿಂತು, ಜ್ಯಾಮಿತಿ ಎಂದರೆ ಭೂಮಿ ಅಳೆಯುವ ಸಲಕರಣೆಗಳ ವಿದ್ಯೆ ಎಂದು ಪ್ರಾಚೀನ ಈಜಿಪ್ಟಿನವರಿಗೆ ಅನಿಸಿದ್ದಿರಬಹುದು, ಹಾಗೆಯೇ ನಮ್ಮ ವಿದ್ಯೆಯನ್ನೂ ಕಂಪ್ಯೂಟರ್ ಎಂಬ ಸಲಕರಣೆಯ ವಿದ್ಯೆ ಎಂದು ಭ್ರಮಿಸಿದ್ದೇವೆ ಎಂಬ ವಿಚಾರದಿಂದ ಆರಂಭಿಸುತ್ತಾರೆ. ಬಣ್ಣ ಮಾಸಿದ ಆ ವಿಡಿಯೊಗಳು ಇಂದೂ ಉಚಿತವಾಗಿ ನೋಡಸಿಗುತ್ತವೆ.

ಪುಸ್ತಕ ಬೇರೆ ವಿಶ್ವವಿದ್ಯಾಲಯಗಳಿಗೆ ಬೇಗ ಹರಡಿತು. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಬ್ರಯನ್ ಹಾರ್ವೆ ಅದನ್ನು ಆಧರಿಸಿ ವರ್ಷಾನುಗಟ್ಟಲೆ ಕಲಿಸಿದರು. ಫ್ರೆಂಚ್, ಜರ್ಮನ್, ಜಪಾನಿ, ಚೀನಿ ಭಾಷೆಗಳಿಗೆ ಅನುವಾದವಾಯಿತು. ಮುಂದೆ ಹೈದರಾಬಾದಿನ ಯೂನಿವರ್ಸಿಟೀಸ್ ಪ್ರೆಸ್ ಭಾರತದ ಮುದ್ರಣ ತಂದಿತು.

ಟೀಕೆಗಳೂ ಬಂದವು, ಒಳ್ಳೆಯ ಟೀಕೆಗಳು. 1987ರಲ್ಲಿ ಫಂಕ್ಷನಲ್ ಭಾಷೆಗಳ ಸಂಶೋಧಕ ಫಿಲಿಪ್ ವಾಡ್ಲರ್ ಸ್ನೇಹದ ಧಾಟಿಯಲ್ಲೇ ಒಂದು ವಿಮರ್ಶೆ ಬರೆದರು. ಫಂಕ್ಷನಲ್ ವಿಚಾರವನ್ನೇ ಕಲಿಸುವುದಾದರೆ ಟರ್ನರ್ ಅವರ ಮಿರಾಂಡಾ ಬಗೆಯ ಭಾಷೆ ಹೆಚ್ಚು ಅನುಕೂಲ ಎಂಬುದು ಅವರ ವಾದ. ಪ್ಯಾಟರ್ನ್ ಹೊಂದಿಸಿ ಬರೆಯುವ ರೀತಿ, ಟೈಪ್‌ಗಳ ಕಾವಲು, ಗಣಿತಕ್ಕೆ ಹತ್ತಿರದ ಲಿಪಿ, ಬೇಕಾದಾಗ ಮಾತ್ರ ಲೆಕ್ಕ ಹಾಕುವ ಗುಣ, ಇವೆಲ್ಲ ಅಲ್ಲಿ ಸಹಜವಾಗಿ ಸಿಗುತ್ತವೆ, ಸಮೀಕರಣ ಬಿಡಿಸಿದಂತೆ ಪ್ರೋಗ್ರಾಮನ್ನು ಬಿಡಿಸಬಹುದು ಎಂದು ಅವರು ತೋರಿಸಿದರು. ಈ ವಾದದ ಫಲ ಬೇರೆ ಕಡೆ ಬಿಟ್ಟಿತು. 1990ರಲ್ಲಿ ಹ್ಯಾಸ್ಕೆಲ್ ಭಾಷೆಯ ಮೊದಲ ವರದಿ ಹೊರಬಂತು. ಪಾಲ್ ಹುಡಾಕ್ ಜೊತೆ ಅದರ ಸಂಪಾದಕರಾಗಿದ್ದವರು ವಾಡ್ಲರ್. ಆ ಸಮಿತಿಯ ಪಟ್ಟಿಯಲ್ಲಿ ಎರಡು ಭಾರತೀಯ ಹೆಸರುಗಳಿವೆ: ಎಂಐಟಿಯ ಅರವಿಂದ್ ಮತ್ತು ರಿಷಿಯೂರ್ ನಿಖಿಲ್. ಇಬ್ಬರೂ ಕಾನ್ಪುರ ಐಐಟಿಯಲ್ಲಿ ಓದಿದವರು. 2024ರಲ್ಲಿ ತೀರಿಕೊಂಡ ಅರವಿಂದ್, 6.001 ನಡೆಯುತ್ತಿದ್ದ ಅದೇ ವಿಭಾಗದಲ್ಲಿ 6.827 ಎಂಬ ಉನ್ನತ ಪಾಠದ ಮೂಲಕ ಹ್ಯಾಸ್ಕೆಲ್ ಬಗೆಯ ಫಂಕ್ಷನಲ್ ಭಾಷೆಗಳನ್ನೂ ಸಮಾಂತರ ಗಣನೆಯನ್ನೂ ಕಲಿಸಿದರು.

1996ರಲ್ಲಿ 6.001 ಪುಸ್ತಕದ ಎರಡನೆಯ ಆವೃತ್ತಿ ಬಂತು. ಅದರ ಹೊಸ ಕೇಂದ್ರ ವಿಷಯ ಕಾಲ. ಬದಲಾಗುವ ವಸ್ತುಗಳು, ಏಕಕಾಲಕ್ಕೆ ನಡೆಯುವ ಕೆಲಸಗಳು, ಫಂಕ್ಷನಲ್ ಪ್ರೋಗ್ರಾಮಿಂಗ್, ತಡೆದು ಮಾಡುವ ಲೆಕ್ಕ ಇವೆಲ್ಲ ಕಾಲವನ್ನು ನಿಭಾಯಿಸುವ ಬೇರೆ ಬೇರೆ ಬಗೆಗಳು ಎಂದು ಲೇಖಕರು ಈಗ ಕಂಡರು. ಹೆಂಡರ್‌ಸನ್ ಅವರಿಂದ ಪಡೆದ ಚಿತ್ರಭಾಷೆಯೂ ಸೇರಿತು: ಒಂದು ಚಿತ್ರವನ್ನು ತಿರುಗಿಸಿ, ಮಡಿಸಿ, ಪಕ್ಕ ಪಕ್ಕ ಇಟ್ಟು ಕಲಾವಿದ ಎಶರ್‌ನ ಮೀನಿನ ಚೌಕದಂಥ ವಿನ್ಯಾಸವನ್ನು ಬರೀ ಫಂಕ್ಷನ್‌ಗಳಿಂದ ಬಿಡಿಸುವ ವಿಧಾನ. ಪುಸ್ತಕ ಬೆಳೆದದ್ದರಿಂದ ಒಂದು ಸೆಮಿಸ್ಟರಿನಲ್ಲಿ ಎಲ್ಲವನ್ನೂ ಮುಗಿಸಲಾಗದೆ, ಕಂಪೈಲರ್ ಭಾಗವನ್ನು ಮೇಲುಮೇಲಕ್ಕೆ ನೋಡುವಂತಾಯಿತು.

ನೆಲೆ

ಪಾಠಕ್ಕೂ ಕಟ್ಟಡಗಳಿಗೂ ನಂಟಿದೆ. ವಿಭಾಗದ ತರಗತಿ ಮತ್ತು ಪ್ರಯೋಗಾಲಯಗಳು ವಸಾರ್ ರಸ್ತೆಯ ಉದ್ದಕ್ಕೂ ಇದ್ದವು. ಸ್ಕೀಮ್ ಹುಟ್ಟಿದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯ ರೈಲು ಹಳಿಯಾಚೆ ಟೆಕ್ನಾಲಜಿ ಸ್ಕ್ವೇರ್‌ನ 545ನೆಯ ಸಂಖ್ಯೆಯ ಕಟ್ಟಡದಲ್ಲಿತ್ತು. ಯುದ್ಧಕಾಲದಲ್ಲಿ ತಾತ್ಕಾಲಿಕವಾಗಿ ಎದ್ದ 20ನೆಯ ಕಟ್ಟಡವನ್ನು 1998ರಲ್ಲಿ ಕೆಡವಿ, ಆ ಜಾಗದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆರಿ ವಿನ್ಯಾಸದ ಸ್ಟೇಟಾ ಸೆಂಟರ್ ಕಟ್ಟಿದರು. 2003ರಲ್ಲಿ ಕೃತಕ ಬುದ್ಧಿಮತ್ತೆ ಪ್ರಯೋಗಾಲಯವೂ ಪ್ರಾಜೆಕ್ಟ್ ಮ್ಯಾಕ್‌ನ ಉತ್ತರಾಧಿಕಾರಿ ಸಂಸ್ಥೆಯೂ ಒಂದಾದವು. 2004ರಲ್ಲಿ ಹೊಸ ಕಟ್ಟಡ ತೆರೆಯಿತು.

ಬದಲಾದ ಗುರಿ: 1996–2008

2001ರಲ್ಲಿ ಎಂಐಟಿ ತನ್ನ ಪಾಠಸಾಮಗ್ರಿಯನ್ನೆಲ್ಲ ಜಗತ್ತಿಗೆ ಉಚಿತವಾಗಿ ಕೊಡುವ ಓಪನ್‌ಕೋರ್ಸ್‌ವೇರ್ ಯೋಜನೆ ಪ್ರಕಟಿಸಿತು. ಅದರ ಹಿಂದೆ ದುಡಿದವರಲ್ಲಿ ಏಬಲ್‌ಸನ್ ಒಬ್ಬರು. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಆರಂಭದಲ್ಲೂ ಅವರಿದ್ದರು. ಈ ಹೊತ್ತಿಗೆ ಎರಿಕ್ ಗ್ರಿಮ್ಸನ್ ಮುಂತಾದ ಸಹೋದ್ಯೋಗಿಗಳು 6.001 ಕಲಿಸುವ ಹೊಣೆ ಹಂಚಿಕೊಂಡಿದ್ದರು. ಅವರ ಕಾಲದ, 2005ರ ಪಾಠದ ಟಿಪ್ಪಣಿಗಳೂ ಆ ಯೋಜನೆಯಲ್ಲಿವೆ.

ಆದರೆ ಹೊರಗಿನ ಜಗತ್ತು ಬದಲಾಗಿತ್ತು. ಸಸ್‌ಮನ್ ಅವರೇ ಮುಂದೆ ಹಲವು ಸಲ ವಿವರಿಸಿದಂತೆ, 1980ರ ಎಂಜಿನಿಯರ್ ಚೆನ್ನಾಗಿ ಅರ್ಥವಾದ ಚಿಕ್ಕ ಭಾಗಗಳನ್ನು ಜೋಡಿಸಿ ದೊಡ್ಡದನ್ನು ಕಟ್ಟುತ್ತಿದ್ದ. ಈಗಿನ ಎಂಜಿನಿಯರ್ ಯಾರೋ ಬರೆದ, ಪೂರ್ತಿ ತಿಳಿಯದ ಲೈಬ್ರರಿಗಳನ್ನು ಎದುರಿಗಿಟ್ಟುಕೊಂಡು, ತಟ್ಟಿ ನೋಡಿ, ಪ್ರಯೋಗ ಮಾಡಿ ಅವುಗಳ ನಡತೆಯನ್ನು ಕಂಡುಕೊಳ್ಳಬೇಕು. ಅಂಥವನಿಗೆ ಬೇರೆ ಬಗೆಯ ತರಬೇತಿ ಬೇಕು. ವಿಭಾಗದಲ್ಲಿ ಇದರ ಸುತ್ತ ಸಾಕಷ್ಟು ಚರ್ಚೆ ನಡೆಯಿತು, ಭಿನ್ನಾಭಿಪ್ರಾಯಗಳೂ ಇದ್ದವು. ಪಾಠ ಕಟ್ಟಿದವರೇ ಅದನ್ನು ಬಿಟ್ಟುಕೊಡಲು ಮುಂದಾದರು ಎಂಬುದು ಅವರ ದೊಡ್ಡತನ. 2007ರ ಕೊನೆಯ ಸೆಮಿಸ್ಟರಿನೊಂದಿಗೆ 6.001 ನಿಂತಿತು. ಅದರ ಜಾಗಕ್ಕೆ 6.01 ಬಂತು: ಪೈಥಾನ್ ಭಾಷೆ, ಚಿಕ್ಕ ರೋಬೋಟುಗಳು, ಸರ್ಕ್ಯೂಟು, ಸಂಭವನೀಯತೆ. ಹೊಸ ಪಾಠ ರೂಪಿಸಿದವರ ಸಾಲಿನಲ್ಲೂ ಏಬಲ್‌ಸನ್ ಇದ್ದರು.

ಈ ಬದಲಾವಣೆ ಸರಿಯಾದದ್ದೇ ಎಂದು ನನ್ನನ್ನು ಕೇಳಿದರೆ, ಎಂಐಟಿಯ ಮಟ್ಟಿಗೆ ಕಾರಣಗಳು ಗಟ್ಟಿಯಾಗಿದ್ದವು ಎನ್ನುತ್ತೇನೆ. ಆದರೂ ಲೈಬ್ರರಿಯನ್ನು ತಟ್ಟಿ ನೋಡಬೇಕಾದವನಿಗೂ, ಒಳಗೆ ಏನು ನಡೆಯುತ್ತಿರಬಹುದು ಎಂದು ಊಹಿಸಲು ಒಂದಲ್ಲ ಒಂದು ಭಾಷೆಯನ್ನು ತಾನೇ ಕಟ್ಟಿದ ಅನುಭವ ಬೇಕಾಗುತ್ತದೆ. ಆ ಅನುಭವವನ್ನು ಮೊದಲ ಸೆಮಿಸ್ಟರಿನಿಂದ ತೆಗೆದದ್ದು ನಷ್ಟವೇ. ಹಾಗೆ ಎಣಿಸಿದವರು ಎಂಐಟಿಯಲ್ಲೂ ಇದ್ದರು. ಜನವರಿಯ ರಜಾ ಅವಧಿಯಲ್ಲಿ ಉತ್ಸಾಹಿಗಳು ಸೇರಿ ಹಳೆಯ 6.001ರ ಸಾರವನ್ನು ಕೆಲವು ವಾರಗಳಲ್ಲಿ ಕಲಿಸುವ ಪಾಠವನ್ನು ವರ್ಷಗಳ ಕಾಲ ನಡೆಸಿದರು.

ಸಂತಾನ

ಇಂದು ಎಂಐಟಿಯ ಪ್ರೋಗ್ರಾಮಿಂಗ್ ತಳಹದಿಯ ಪಾಠದಲ್ಲಿ ವಿದ್ಯಾರ್ಥಿಗಳು ಪೈಥಾನ್ ಬಳಸಿಯೇ ಒಂದು ಲಿಸ್ಪ್ ಇಂಟರ್‌ಪ್ರಿಟರ್ ಬರೆಯುತ್ತಾರೆ. ಬರ್ಕ್‌ಲಿಯ ಮೊದಲ ಪಾಠವೂ ಪೈಥಾನ್‌ಗೆ ಬದಲಾಯಿತು. ಅಲ್ಲಿಯೂ ಸ್ಕೀಮ್ ಇಂಟರ್‌ಪ್ರಿಟರ್ ಬರೆಯುವ ಯೋಜನೆ ಉಳಿದಿದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಮಾರ್ಟಿನ್ ಹೆಂಜ್ ಮತ್ತು ಸ್ವೀಡನ್ನಿನ ಟೋಬಿಯಾಸ್ ರಿಗ್‌ಸ್ಟಾಡ್ ಇಡೀ ಪುಸ್ತಕವನ್ನು ಜಾವಾಸ್ಕ್ರಿಪ್ಟ್‌ಗೆ ಹೊಂದಿಸಿ 2022ರಲ್ಲಿ ಎಂಐಟಿ ಪ್ರೆಸ್ ಮೂಲಕವೇ ಹೊರತಂದರು. ಸಸ್‌ಮನ್ ತಮ್ಮ ಹಳೆಯ ಸಹೋದ್ಯೋಗಿ ಕ್ರಿಸ್ ಹ್ಯಾನ್ಸನ್ ಜೊತೆ, ಬದಲಾವಣೆಗೆ ಬಗ್ಗುವ ಸಾಫ್ಟ್‌ವೇರ್ ಕಟ್ಟುವ ಬಗ್ಗೆ ಇನ್ನೊಂದು ಪುಸ್ತಕ ಬರೆದರು. ಅದು ಬಂದದ್ದು 2021ರಲ್ಲಿ.

ನಮ್ಮ ಕಡೆಗೂ ಈ ವಿಚಾರ ಬೇರೆ ಬೇರೆ ದಾರಿಯಿಂದ ಬಂದಿದೆ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪದವಿ ವಿದ್ಯಾರ್ಥಿಗಳು ಪ್ರೋಗ್ರಾಮಿಂಗ್ ಆರಂಭಿಸುವುದು ಹ್ಯಾಸ್ಕೆಲ್‌ನಿಂದ. ಅಲ್ಲಿನ ಅಧ್ಯಾಪಕರ ಹ್ಯಾಸ್ಕೆಲ್ ಪಾಠ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ವೇದಿಕೆಯ ಮೂಲಕ ದೇಶದ ಎಲ್ಲರಿಗೂ ಸಿಗುತ್ತದೆ. ಬೆಂಗಳೂರಿನ ಆಟೋ ಚಾಲಕರೂ ಪ್ರಯಾಣಿಕರೂ ದಿನವೂ ಬಳಸುವ ನಮ್ಮ ಯಾತ್ರಿ ಆ್ಯಪ್‌ನ ಹಿಂದೆ ಕೆಲಸ ಮಾಡುವ ಪ್ರೋಗ್ರಾಂ ಹ್ಯಾಸ್ಕೆಲ್‌ನಲ್ಲಿ ಬರೆದದ್ದು. ಬೇಕಾದವರು ಅದನ್ನು ತೆರೆದು ಓದಬಹುದು. ಸಾವಿರಾರು ಸವಾರಿಗಳು ಏಕಕಾಲಕ್ಕೆ ನಡೆಯುವಲ್ಲಿ, ಯಾವ ಬೆಲೆ ಎಲ್ಲಿ ಬದಲಾಗುತ್ತದೆ ಎಂಬುದರ ಮೇಲೆ ಹಿಡಿತವಿರಬೇಕು ಎಂಬ ಹಳೆಯ ಮೂರನೆಯ ಅಧ್ಯಾಯದ ಮಾತು ಅಲ್ಲಿ ದಿನನಿತ್ಯದ ಅಗತ್ಯ.

ಪುಸ್ತಕದ ಎರಡನೆಯ ಆವೃತ್ತಿ ಇಂದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಉಚಿತವಾಗಿ ಲಭ್ಯ. ನಮ್ಮ ಪದವಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ. ಮೊದಲ ಅಧ್ಯಾಯವನ್ನಾದರೂ ಕೆಲವರು ಜೊತೆಯಾಗಿ ಕೂತು ಕನ್ನಡಕ್ಕೆ ತನ್ನಿ, ಚಿಲ್ಲರೆಯ ಲೆಕ್ಕವನ್ನು ರೂಪಾಯಿ ನಾಣ್ಯಗಳಲ್ಲಿ ಮಾಡಿಸಿ, ಮುಂದಿನ ವರ್ಷದ ಮೊದಲ ಸೆಮಿಸ್ಟರಿನಲ್ಲಿ ಅದನ್ನು ಕಲಿಸಿ ನೋಡಿ.